ಅಸ್ಥಿಪಂಜರಗಳ ದಂಡು ಕಟ್ಟಿದ್ದು ಹೀಗೆ

ಪುಟ್ಟ ಸೈನಿಕರ ಗೊಂಬೆಗಳಿಗೆ ಬಣ್ಣ ಬಳಿದು, ಮೇಜಿನ ಮೇಲೆ ಯುದ್ಧದ ಆಟ ಆಡುವುದು ಒಂದು ಹುಚ್ಚು. ಕೆಲಸಕ್ಕೆ ಅಂತ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ ಬಂದವರಿಗೆ ಇದನ್ನು ತಪ್ಪಿಸಿಕೊಳ್ಳುವುದು ಸ್ವಲ್ಪ ಕಷ್ಟ. ವಾರ್‌ಹ್ಯಾಮರ್ ಅನ್ನುವ ಇಂಥ ಆಟವನ್ನು ಮಾಡುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಇಲ್ಲೇ. ಇದೇ ಕಸುಬಿನ ಮ್ಯಾಂಟಿಕ್, ವಾರ್‌ಲಾರ್ಡ್ ಕಂಪನಿಗಳು ಕೂಡ ಇಲ್ಲಿಯವೇ. ಹಿಂದೆ ಗೊಂಬೆಗಳನ್ನು ಸೀಸ ಬೆರೆಸಿದ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಹಾಗಾಗಿ ಈ ಸೀಮೆಗೆ ‘ಲೆಡ್ ಬೆಲ್ಟ್’, ಅಂದರೆ ಸೀಸದ ಸೀಮೆ, ಅಂತಲೇ ಅಡ್ಡಹೆಸರು.

ನಾನು ಆಡುವುದು ಮ್ಯಾಂಟಿಕ್‌ನವರ ಕಿಂಗ್ಸ್ ಆಫ್ ವಾರ್. ಹಳೆಯ ವಾರ್‌ಹ್ಯಾಮರ್‌ನಲ್ಲಿ ಸತ್ತ ಸೈನಿಕರನ್ನು ಒಂದೊಂದಾಗಿ ಮೇಜಿನಿಂದ ಎತ್ತಿಡಬೇಕು. ಇಲ್ಲಿ ಆ ಕಾಟ ಇಲ್ಲ. ಬಿದ್ದ ಏಟುಗಳನ್ನು ಪಡೆಯ ಪಕ್ಕ ಎಣಿಸಿಡುತ್ತೇವೆ. ಹೊಡೆದವನು ಎರಡು ದಾಳ ಉರುಳಿಸಿ ಅದಕ್ಕೆ ಏಟುಗಳನ್ನು ಕೂಡಿಸುತ್ತಾನೆ. ಮೊತ್ತ ಪಡೆಯ ಧೈರ್ಯದ ಅಂಕ ಮುಟ್ಟಿತೋ, ಇಡೀ ಪಡೆ ಒಟ್ಟಿಗೇ ಹೊರಗೆ. ಅಲ್ಲಿಯವರೆಗೆ ಒಂದು ಗೊಂಬೆಯೂ ಅಲ್ಲಾಡುವುದಿಲ್ಲ. ಅಂದಮೇಲೆ ಎಲ್ಲವನ್ನೂ ಒಂದೇ ಹಲಗೆಗೆ ಅಂಟಿಸಿಬಿಡಬಹುದು, ಅಲ್ವಾ? ದೊಡ್ಡ ಸೇನೆ ಮಾಡುವ ಧೈರ್ಯ ನನಗೆ ಬಂದಿದ್ದೇ ಇದರಿಂದ.

ಕಾಲಾಳುಗಳ ದೊಡ್ಡ ಪಡೆಗೆ ‘ಹೋರ್ಡ್’ ಅಂತಾರೆ. ಲೆಕ್ಕಕ್ಕೆ 40 ಜನ, ಹಲಗೆ 200 ಮಿ.ಮೀ. ಅಗಲ, 80 ಮಿ.ಮೀ. ಆಳ. ಮುಖ್ಯವಾಗಿ ಬೇಕಾಗಿರುವುದು ಹಲಗೆಯ ಅಳತೆ. ಗೊಂಬೆಗಳನ್ನು ಒಂದು ಮಿತಿಯವರೆಗೆ ಕಡಿಮೆ ಮಾಡಬಹುದು. ಖಾಲಿ ಬಿಟ್ಟ ಜಾಗದಲ್ಲಿ ನಾನು ಮುರಿದ ಗೋರಿಕಲ್ಲು, ನೆಲದಿಂದ ಅರ್ಧ ಎದ್ದ ಅಸ್ಥಿಪಂಜರ, ಒಣಗಿದ ಮರದ ಬೊಡ್ಡೆ ಇಟ್ಟೆ. ದುಡ್ಡೂ ಉಳಿಯಿತು, ಒತ್ತೊತ್ತಾಗಿ ನಿಲ್ಲಿಸಿದ್ದಕ್ಕಿಂತ ಚೆನ್ನಾಗಿಯೂ ಕಂಡಿತು.

ಒಂದು ಸಂಗತಿ ಯಾರೂ ಮೊದಲೇ ಹೇಳುವುದಿಲ್ಲ. ಮುಂದಿನ ಸಾಲಿನ ಈಟಿಗಳು ಹಲಗೆಯ ಅಂಚು ದಾಟಿ ಚಾಚಿಕೊಂಡಿರಬಾರದು. ಚಾಚಿದರೆ ಎದುರಾಳಿಯ ಹಲಗೆಗೆ ನಿಮ್ಮ ಹಲಗೆ ತಾಗುವುದೇ ಇಲ್ಲ. ಅದಕ್ಕೇ ಮುಂದೆ ಈಟಿ ನೇರ ಮೇಲೆತ್ತಿದವರು ಮತ್ತು ಕತ್ತಿ ಹಿಡಿದವರು. ಈಟಿ ಬಾಗಿಸಿದವರೆಲ್ಲ ಮಧ್ಯಕ್ಕೆ.

ಇನ್ನು ಬಣ್ಣ. ಆರ್ಮಿ ಪೇಂಟರ್‌ನವರ ‘ಸ್ಕೆಲಿಟನ್ ಬೋನ್’ ಸ್ಪ್ರೇ ಹೊಡೆದರೆ ತಳದ ಬಣ್ಣವೂ ಮೂಳೆಯ ಬಣ್ಣವೂ ಒಂದೇ ಏಟಿಗೆ ಮುಗಿಯುತ್ತದೆ. ಇಲ್ಲಿಯ ಚಳಿಗಾಲದ ತೇವದಲ್ಲಿ ಹೊರಗೆ ಸ್ಪ್ರೇ ಹೊಡೆದರೆ ಬಣ್ಣ ಮರಳು ಮರಳಾಗಿ ಕೂರುತ್ತದೆ. ಹಾಗಾಗಿ ಆ ಕೆಲಸವನ್ನೆಲ್ಲ ಬೇಸಿಗೆಯಲ್ಲೇ ಮುಗಿಸಿಕೊಂಡೆ. ಆಮೇಲೆ ‘ಅಗ್ರಾಕ್ಸ್ ಅರ್ಥ್‌ಶೇಡ್’. ಇದು ತೆಳು ಕಂದು ನೀರಿನ ಹಾಗಿರುತ್ತದೆ. ಧಾರಾಳವಾಗಿ ಬಳಿದರೆ ತಾನಾಗಿ ಹರಿದು ಪಕ್ಕೆಲುಬಿನ ಸಂದಿಗಳಲ್ಲಿ, ಕಣ್ಣಿನ ಗುಳಿಗಳಲ್ಲಿ ನಿಲ್ಲುತ್ತದೆ. ರಾತ್ರಿಯಿಡೀ ಒಣಗಲು ಬಿಡಬೇಕು. ಬೆಳಿಗ್ಗೆ ಹಳೆಯ ಮೇಕಪ್ ಬ್ರಷ್‌ಗೆ ಹೆಚ್ಚುಕಡಿಮೆ ಬಿಳಿಯೇ ಅನ್ನಿಸುವ ಬಣ್ಣ ತಾಗಿಸಿ, ಟಿಶ್ಯೂ ಮೇಲೆ ಉಜ್ಜಿ ಉಜ್ಜಿ ಒರೆಸುತ್ತೇನೆ. ಬ್ರಷ್‌ನಲ್ಲಿ ಏನೂ ಉಳಿದಿಲ್ಲ ಅನ್ನಿಸಿದಾಗ ಗೊಂಬೆಯ ಮೇಲೆ ಹಗುರವಾಗಿ ಆಡಿಸಿದರೆ ತಲೆಬುರುಡೆಯ ಉಬ್ಬು, ಬೆರಳಿನ ಗೆಣ್ಣು, ಎಲುಬಿನ ಅಂಚು ಮಾತ್ರ ಬೆಳ್ಳಗೆ ಎದ್ದು ಬರುತ್ತವೆ. ಈ ಒಂದು ಗಳಿಗೆಗೋಸ್ಕರ ಉಳಿದ ಬೇಸರದ ಕೆಲಸವನ್ನೆಲ್ಲ ಸಹಿಸಿಕೊಳ್ಳಬಹುದು.

ಕತ್ತಿಗೆ ಕಬ್ಬಿಣದ ಬಣ್ಣ, ಮೇಲೆ ಒಂದಿಷ್ಟು ತುಕ್ಕು. ಅಷ್ಟು ಸಾಕು. ಗುರಾಣಿಗಳಿಗೆ ಮಾತ್ರ ಇಡೀ ಸೇನೆಗೆ ಒಂದೇ ಬಣ್ಣ, ಕಿಲುಬು ಹಿಡಿದ ತಾಮ್ರದ ಹಸಿರು. ಆಡುವಾಗ ಎಲ್ಲರೂ ನೋಡುವುದು ಮೂರು ಅಡಿ ದೂರದಿಂದ. ಅಲ್ಲಿಂದ ಕಾಣುವುದು ಗುರಾಣಿ, ಬಾವುಟ ಮತ್ತು ಹಲಗೆಯ ಅಂಚು. ಹಿಂದಿನ ಸಾಲಿನವನ ಬೆಲ್ಟಿನ ಬಕಲ್‌ಗೆ ಸುಮ್ನೆ ಯಾಕೆ ಕಣ್ಣು ಹಾಳುಮಾಡಿಕೊಳ್ಳಬೇಕು? ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, “ದಸರಾ ಗೊಂಬೆ ಕೂರಿಸೋದು ಬಿಟ್ಟು ಇದೇನೋ ಸ್ಮಶಾನ!” ಅಂದರು. ದಸರಾ ಗೊಂಬೆಯ ಲೆಕ್ಕವೇ ಇಲ್ಲೂ ನಡೆಯುತ್ತದೆ. ಹತ್ತಿರ ಹೋಗಿ ಒಂದೊಂದನ್ನೇ ಪರೀಕ್ಷೆ ಮಾಡುವವರು ಕಡಿಮೆ, ಒಟ್ಟು ಸಾಲು ಚೆನ್ನಾಗಿ ಕಾಣಬೇಕು.

ಆಟದಲ್ಲಿ ಈ ಸೇನೆ ನಿಧಾನ. ಅಸ್ಥಿಪಂಜರಗಳು ದಾಪುಗಾಲು ಹಾಕಲಾರವು. ಮಜಾ ಇರುವುದು ಮಾಂತ್ರಿಕನ ಕೈಯಲ್ಲಿ. ಅವನ ‘ಸರ್ಜ್’ ಮಂತ್ರದಲ್ಲಿ ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಬಿದ್ದ ಪ್ರತಿ ದಾಳಕ್ಕೂ ಪಡೆ ಒಂದು ಇಂಚು ನೇರ ಮುಂದೆ ಜರುಗುತ್ತದೆ. ಎಂಟು ದಾಳಕ್ಕೆ ಸರಾಸರಿ ನಾಲ್ಕು ಇಂಚು. ನಾನು ಮಾಡುವುದಿಷ್ಟೇ: ನಡಿಗೆಯ ಹಂತದಲ್ಲಿ ಪಡೆಯನ್ನು ಶತ್ರುವಿನ ಪಕ್ಕಕ್ಕೆ ತಂದು, ಮುಖ ಅವನತ್ತ ತಿರುಗಿಸಿ, ಮೂರು ಇಂಚಿನ ಒಳಗೆ ನಿಲ್ಲಿಸುತ್ತೇನೆ. ಆಮೇಲೆ ಮಂತ್ರ ಹಾಕಿ ತಳ್ಳುತ್ತೇನೆ. ಪಕ್ಕದಿಂದ ಬಿದ್ದರೆ ಏಟಿನ ದಾಳ ಎರಡರಷ್ಟು, ಬೆನ್ನಿಂದ ಬಿದ್ದರೆ ಮೂರರಷ್ಟು. ಎದುರಾಳಿ ಅನುಭವಸ್ಥನಾದರೆ ಮಾಂತ್ರಿಕನನ್ನೇ ಮೊದಲು ಹುಡುಕಿಕೊಂಡು ಬರುತ್ತಾನೆ. ಅದಕ್ಕೆ ಅವನನ್ನು ಎರಡು ಹೋರ್ಡ್‌ಗಳ ಹಿಂದೆ ಬಿಟ್ಟು ಕದಲಿಸುವುದಿಲ್ಲ.

ಹಲಗೆಗಳ ಅಡಿಗೆ ಕಬ್ಬಿಣದ ಪುಡಿ ಬೆರೆಸಿದ ರಬ್ಬರ್ ಹಾಳೆ, ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಮ್ಯಾಗ್ನೆಟ್ ಹಾಳೆ ಅಂಟಿಸಿದ್ದೇನೆ. ಇಡೀ ಸೇನೆ ಎರಡು ಡಬ್ಬಿಯಲ್ಲಿ ಟ್ರಾಮ್ ಹತ್ತುತ್ತದೆ. ಮುಂದೆ ಕುದುರೆ ಪಡೆ ಮಾಡಬೇಕು. ಅವುಗಳ ಹಲಗೆಯ ಆಳ ಬೇರೆ, ಡಬ್ಬಿಯೂ ಹೊಸದೇ ಬೇಕು.