ತಂಗಿಯ ಜಡೆ, ಅಪ್ಪನ ಪೌತಿ ಖಾತೆ

ಅಪ್ಪ ಹೋದಾಗ ನನಗೆ 21, ತಂಗಿಗೆ 10. ಅಮ್ಮ ಎರಡು ವರ್ಷ ಮುಂಚೆಯೇ ಹೋಗಿದ್ದರು. ತಿಥಿ ಊಟ ಮುಗಿಸಿ ನಂಟರೆಲ್ಲ ಬಸ್ ಹತ್ತಿದರು. ಮರುದಿನ ಬೆಳಗ್ಗೆ ತಂಗಿ ಬಾಚಣಿಗೆ, ಎರಡು ಕೆಂಪು ಟೇಪು ಹಿಡಿದು ಬಂದು ನನಗೆ ಬೆನ್ನು ಹಾಕಿ ಕೂತಳು. ಅಮ್ಮ ಹೋದ ಮೇಲೆ ಅಪ್ಪನೇ ಅವಳಿಗೆ ಜಡೆ ಹಾಕುತ್ತಿದ್ದದ್ದು. ನಾನು ಹಾಕಿದ್ದು ಒಂದು ಮೇಲೆ, ಒಂದು ಕೆಳಗೆ. ಬೆಲ್ ಹೊಡೆಯುವ ಮೊದಲೇ ಟೇಪು ಬಿಚ್ಚಿತ್ತಂತೆ. "ಎಣ್ಣೆ ಹಚ್ಚದೆ ಹೆಣೆದ್ರೆ ನಿಲ್ಲುತ್ತೇನೋ? ಮೊದ್ಲು ಬೈತಲೆ ನೆಟ್ಟಗೆ ತೆಗಿ" ಅಂತ ಪಕ್ಕದ ಮನೆ ದೊಡ್ಡಮ್ಮ ಒಂದು ವಾರ ಕೂತು ಕಲಿಸಿದರು.

ಕಾಗದಪತ್ರಕ್ಕೆ ಅಂಥ ದೊಡ್ಡಮ್ಮ ಸಿಗಲಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಲ್ಲಿ ವಂಶವೃಕ್ಷ, ಆಮೇಲೆ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅರ್ಧ ಎಕರೆ ತೆಂಗು ಅಷ್ಟೇ ನಮ್ಮದು. "ನಿನ್ನೊಬ್ಬನ ಹೆಸರಿಗೇ ಮಾಡಿಸ್ಕೊಳೋ, ಅವಳು ನಾಳೆ ಮದುವೆಯಾಗಿ ಹೋಗೋಳು" ಅಂದವರು ಇದ್ದರು. ಇಬ್ಬರ ಹೆಸರೂ ಸೇರಿಸಿದೆ. ಮುಂದಿನ ವರ್ಷ ಅದೇ ಜನ ತೋಟ ಮಾರು ಅಂತ ಬಂದಾಗ, ಅವಳು ಮೈನರ್, ಅವಳ ಪಾಲು ಮಾರಲು ಕೋರ್ಟ್ ಅನುಮತಿ ಬೇಕು ಅಂದೆ. ಮಾತು ಅಲ್ಲಿಗೇ ನಿಂತಿತು.

ಇನ್ನೊಂದು ವಿಷಯ ತಡವಾಗಿ ಗೊತ್ತಾಯಿತು. ಒಡಹುಟ್ಟಿದ ಅಣ್ಣನಾದರೂ ಕಾನೂನಿನ ಪ್ರಕಾರ ನಾನು ತಾನಾಗಿ ಗಾರ್ಡಿಯನ್ ಅಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಕೋರ್ಟೇ ನೇಮಿಸಬೇಕು. ಕಷ್ಟದಲ್ಲಿರುವ ಮಕ್ಕಳಿಗಾಗಿ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಹಾಕು ಅಂತ ಹೇಳಿದ್ದು ನಮ್ಮ ಅಂಗನವಾಡಿ ಟೀಚರ್. ಮೊದಲೇ ಗೊತ್ತಿದ್ದರೆ ಅಷ್ಟು ಕೈಸಾಲ ಆಗುತ್ತಿರಲಿಲ್ಲ.

ನಾನು ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಮ್ಮೆ ತಂಗಿಗೆ ಮಾರ್ಕ್ಸ್ ಕಡಿಮೆ ಬಂತು ಅಂತ "ನಿನ್ನಿಂದಾನೇ ನಾನು ಬೆಂಗಳೂರಿನ ಕೆಲಸ ಬಿಟ್ಟಿದ್ದು" ಅಂದುಬಿಟ್ಟೆ. ಅವಳು ಅಳಲಿಲ್ಲ. ಹದಿನೈದು ದಿನದ ಮೇಲೆ ನನ್ನ ಹಳೇ ಲೆಕ್ಕದ ಪುಸ್ತಕ ತೆರೆದರೆ, ಹಿಂದಿನ ಹಾಳೆಗಳ ತುಂಬ ಅವಳ ಗಣಿತದ ಹೋಮ್‌ವರ್ಕ್. ನೋಟ್‌ಬುಕ್ ಮುಗಿದಿತ್ತು, ಕೇಳಿರಲಿಲ್ಲ. ಆವತ್ತು ಸಂಜೆ ನೋಟ್‌ಬುಕ್ ತಂದೆ. ಜೊತೆಗೆ ಸಂಬಳ ಎಷ್ಟು, ಸಾಲ ಎಷ್ಟು ಅಂತ ಅವಳ ಮುಂದೆ ಬರೆದು ತೋರಿಸಿದೆ. ಅವಳು ಮೊದಲು ಹೊಡೆದು ಹಾಕಿದ್ದು ನನ್ನ ಮೊಬೈಲ್ ಡೇಟಾ ಖರ್ಚು!

ಈಗ ಅವಳಿಗೆ 15. ಜಡೆ ತಾನೇ ಹಾಕಿಕೊಳ್ಳುತ್ತಾಳೆ. ಬೈತಲೆ ಮಾತ್ರ ನಾನೇ ತೆಗೆಯಬೇಕು, ಕನ್ನಡಿ ನೋಡಿಕೊಂಡು ತೆಗೆದರೆ ಸೊಟ್ಟ ಬರುತ್ತಂತೆ.