ಗುಬ್ಬಕ್ಕನ ಬಾಗಿಲಲ್ಲಿ ಹನ್ನೊಂದು ದಿನ

ಮಕ್ಕಳನ್ನು ಮಾತಾಡಿಸೋಕೆ ಒಂದೇ ಕಥೆಗೆ 11 ದಿನ ತಗೊಂಡೆ ಅಂತ ಹೇಳಿದಾಗ, ಅಕ್ಕಪಕ್ಕದ ಶಾಲೆಗಳ ಟೀಚರುಗಳು ಸೇರುವ ಕ್ಲಸ್ಟರ್ ಸಭೆಯಲ್ಲಿ ಎಲ್ಲರೂ ತಿರುಗಿ ನೋಡಿದರು. "ಮೇಡಂ, ಹಿಂಗಾದ್ರೆ ಸಿಲಬಸ್ ಯಾವಾಗ ಮುಗಿಸ್ತೀರಿ?" ಅಂತ ಒಬ್ಬರು ನೇರವಾಗಿ ಕೇಳಿದರು. ಇನ್ನೊಬ್ಬರು, "ಕಾಗಕ್ಕ ಗುಬ್ಬಕ್ಕನ ಕಥೇಲಿ ಮಾತಾಡೋಕೆ ಏನಿದೆ, ಐದು ನಿಮಿಷದ ಕಥೆ" ಅಂದರು. ಆವತ್ತು ನಾನು ಸುಮ್ನೆ ಕೂತೆ. ಮೂರು ಬ್ಯಾಚ್ ಆದ ಮೇಲೆ ಈಗ ಬರೆಯುತ್ತಿದ್ದೇನೆ. ನನ್ನ ನಾಲ್ಕನೇ ಕ್ಲಾಸಿನ 26 ಮಕ್ಕಳಲ್ಲಿ 23 ಮಕ್ಕಳು ಈಗ ಎದ್ದು ನಿಂತು "ನಾನು ಒಪ್ಪಲ್ಲ, ಯಾಕಂದ್ರೆ" ಅಂತ ಶುರು ಮಾಡುತ್ತಾರೆ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಹಳ್ಳಿ ಶಾಲೆಯಲ್ಲಿ ಇದು ಎಷ್ಟು ದೊಡ್ಡ ಮಾತು ಅಂತ ಇಲ್ಲಿ ಪಾಠ ಮಾಡುವವರಿಗೆ ಗೊತ್ತು.

ಶುರುವಾಗಿದ್ದು 2022ರಲ್ಲಿ. ಆ ವರ್ಷ ನಾಲ್ಕಕ್ಕೆ ಬಂದ ಮಕ್ಕಳನ್ನು ನೆನಪು ಮಾಡಿಕೊಳ್ಳಿ. ಒಂದನೇ ಕ್ಲಾಸಿನಲ್ಲಿದ್ದಾಗ, 2020ರ ಮಾರ್ಚ್‌ನಲ್ಲಿ, ಶಾಲೆ ಮುಚ್ಚಿತು. ಚಿಕ್ಕ ಮಕ್ಕಳಿಗೆ ಮತ್ತೆ ಬಾಗಿಲು ತೆಗೆದಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದರಿಂದ ಮೂರನೇ ಕ್ಲಾಸಿನವರು ಆಡುತ್ತಾ ಕಲಿಯುವ ನಲಿಕಲಿಯಲ್ಲಿ ನೆಲದ ಮೇಲೆ ಸುತ್ತ ಕೂತು ಹರಟಬೇಕಾದ ವಯಸ್ಸು ಮನೆಯಲ್ಲೇ ಕಳೆದುಹೋಗಿತ್ತು. ನಾಲ್ಕಕ್ಕೆ ಬಂದರೆ ಸಾಲು ಬೆಂಚು. ಜೊತೆಗೆ ನಮ್ಮ ಕಡೆ ಅರ್ಧ ಮಕ್ಕಳ ಮನೆಮಾತು ತೆಲುಗು. ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಶಾಲೆ ಮುಚ್ಚಿದ್ದಾಗ ತಪ್ಪಿದ ಕಲಿಕೆಯನ್ನು ತುಂಬಲು ಕೊಟ್ಟ ಕಲಿಕಾ ಚೇತರಿಕೆ ಹಾಳೆಗಳನ್ನು ತುಂಬುತ್ತಿದ್ದರು, ಅಷ್ಟೇ.

ಮೊದಲು ದುಡ್ಡು ಹೋದ ಕಥೆ ಹೇಳುತ್ತೇನೆ, ನೀವು ಅದೇ ದಾರಿ ಹಿಡಿಯಬಾರದು ಅಂತ. ಕಥೆಯ 12 ಚಿತ್ರಗಳನ್ನು ಕಲರ್ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಮಾಡಿಸಿದೆ. ಸುಮಾರು 900 ರೂಪಾಯಿ ಆಯ್ತು. ಮಕ್ಕಳು ನಾಲ್ಕು ನಿಮಿಷದಲ್ಲಿ ಕ್ರಮವಾಗಿ ಜೋಡಿಸಿ ಕೈ ಕಟ್ಟಿ ಕೂತರು. ಜೋಡಿಸಿದ ಮೇಲೆ ಮಾತಾಡಲು ಏನೂ ಉಳಿಯಲಿಲ್ಲ. ಆಮೇಲೆ ಬಟ್ಟೆಯ ಗೊಂಬೆ ಹೊಲಿಸಿದೆ, ಕಾಗೆ ಎರಡು, ಗುಬ್ಬಿ ಎರಡು, 1,200ರ ಹತ್ತಿರ. ಗೊಂಬೆ ಸಿಕ್ಕವರು ಮಾತಾಡಿದರು, ಸಿಗದವರು ಗೊಂಬೆಗೆ ಜಗಳ ಆಡಿದರು. ಮೂರನೆಯದು ಸ್ಪೀಕರ್ ಇರುವ ಮೈಕು, 1,800. ಮೈಕು ಹಿಡಿದ ತಕ್ಷಣ ಮಾತಾಡುವ ಮಕ್ಕಳೂ ಬೆವರಿದರು. ಉಳಿದವರು ಅದಕ್ಕೆ ಉಫ್ ಉಫ್ ಅಂತ ಊದಿದರು. ಒಟ್ಟು ಸುಮಾರು 4 ಸಾವಿರ ನನ್ನ ಕೈಯಿಂದಲೇ ಹೋಯಿತು. ಮನೆಯವರು ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಆರಾರು ಮಕ್ಕಳ ಗುಂಪು ಮಾಡಿದ್ದೂ ತಪ್ಪೇ. ಒಬ್ಬ ಲೀಡರ್ ಮಾತಾಡುತ್ತಾನೆ, ಐದು ಜನ ಚಾಪೆ ಕಡ್ಡಿ ಕೀಳುತ್ತಾರೆ. ಈಗ ಮೊದಲು ಇಬ್ಬಿಬ್ಬರು, ಆಮೇಲೆ ನಾಲ್ವರು. ಅದಕ್ಕಿಂತ ಜಾಸ್ತಿ ಮಾಡಲೇಬೇಡಿ. ಯಾರನ್ನು ಯಾರ ಜೊತೆ ಕೂರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಬರೆದರೆ ಮಕ್ಕಳ ಮನೆ ವಿಷಯ ಬರುತ್ತದೆ. ಬೇಕಾದವರು ಕ್ಲಾಸಿಗೇ ಬಂದು ನೋಡಬಹುದು.

ಕೊನೆಗೆ ಕೆಲಸಕ್ಕೆ ಬಂದಿದ್ದು ಹುಣಸೆ ಬೀಜ. ಖರ್ಚು ಸೊನ್ನೆ.

ಒಂದು ಮಗುವಿಗೆ ಮೂರು ಬೀಜ. ಮಾತಾಡಬೇಕಾದರೆ ಒಂದು ಬೀಜ ನಡುವೆ ಇಡಬೇಕು. ಮೂರೂ ಮುಗಿದವರು ಕೇಳಿಸಿಕೊಳ್ಳಬೇಕು. ಎಲ್ಲರ ಬೀಜ ಖಾಲಿಯಾಗುವ ತನಕ ಗುಂಪು ಏಳುವಂತಿಲ್ಲ. ಮೊದಲ ದಿನ "ಹೌದು ಮಿಸ್, ಹೌದು ಮಿಸ್, ಇಲ್ಲ ಮಿಸ್" ಅಂತ ಮೂರೂ ಬೀಜ ಒಗೆದು ಆಟಕ್ಕೆ ಓಡಿದರು. ಮಾರನೇ ದಿನ ನಿಯಮ ಬಿಗಿ ಮಾಡಿದೆ: "ಯಾಕಂದ್ರೆ" ಬಂದರೆ ಮಾತ್ರ ಬೀಜ ಲೆಕ್ಕಕ್ಕೆ. ಆಗ ಮಾತು ಬಂತು. ಆದರೆ ಯಾರೂ ಇನ್ನೊಬ್ಬರ ಮಾತು ಕೇಳುತ್ತಿರಲಿಲ್ಲ. ತಮ್ಮದು ಹೇಳಿ ಬೀಜ ಇಟ್ಟು ಮುಗಿಸುತ್ತಿದ್ದರು.

ಅದಕ್ಕೆ ಉಪಾಯ ಹೊಳೆದಿದ್ದು ಚೌಕಾಬಾರದಿಂದ. ಆಟಕ್ಕೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುತ್ತೇವಲ್ಲ, ಹಾಗೆ ಮೂರರಲ್ಲಿ ಒಂದು ಬೀಜ ಬಿಳಿ. ಬಿಳಿ ಬೀಜವನ್ನು ಇನ್ನೊಬ್ಬರು ಹೇಳಿದ ಮಾತಿಗೆ ಮಾತ್ರ ಇಡಬೇಕು. ಸೇರಿಸಿಯಾದರೂ ಹೇಳಲಿ, ತಿರುಗಿಯಾದರೂ ಹೇಳಲಿ. ಉಜ್ಜುವ ಕೆಲಸ ಮಕ್ಕಳಿಗೇ ಬಿಟ್ಟೆ. ಶಾಲೆ ಮೆಟ್ಟಿಲ ಮೇಲೆ ಸಾಲಾಗಿ ಕೂತು ಉಜ್ಜಿದರು. ಉಜ್ಜಿದ ಬೀಜ ಕಾದು ಬಿಸಿಯಾಗುತ್ತದೆ, ಪಕ್ಕದವರ ಕೈಗೆ ಒತ್ತಿದರೆ ಚುರ್ ಅನ್ನುತ್ತದೆ. ಆ ಮಧ್ಯಾಹ್ನ ಎಲ್ಲರ ಮೊಣಕೈಯಲ್ಲೂ ಕೆಂಪು ಚುಕ್ಕೆ. ಆದರೆ ತಾವೇ ಉಜ್ಜಿದ ಬೀಜವನ್ನು ಯಾರೂ ಸುಮ್ಸುಮ್ನೆ ಖರ್ಚು ಮಾಡಲಿಲ್ಲ.

ಇನ್ನು ಕಥೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲು ಮನೆ. ಜೋರು ಮಳೆ ಬಂತು, ಸಗಣಿ ಮನೆ ಕರಗಿ ಹೋಯ್ತು. ಕಾಗಕ್ಕ ನೆನೆದುಕೊಂಡು ಬಂದು ಬಾಗಿಲು ಬಡಿದಳು. "ತಾಳು, ಮಗೀಗೆ ನೀರು ಹಾಕ್ತಿದೀನಿ." ಮತ್ತೆ ಬಡಿದಳು. "ತಾಳು, ಮಗೀಗೆ ಉಣ್ಣಿಸ್ತಿದೀನಿ." ಮತ್ತೆ ಬಡಿದಳು. "ತಾಳು, ತೊಟ್ಟಿಲು ತೂಗ್ತಿದೀನಿ." ನಾನು ಅಲ್ಲಿಗೆ ನಿಲ್ಲಿಸುತ್ತೇನೆ. ಐದು ದಿನ ಬಾಗಿಲು ತೆಗೆಯುವುದೇ ಇಲ್ಲ. ಮಕ್ಕಳು ಎಷ್ಟು ಕಾಡಿದರೂ ಮುಂದಕ್ಕೆ ಹೇಳಲ್ಲ. ಇಡೀ ವಿಧಾನದ ಜೀವ ಇಲ್ಲೇ ಇದೆ. ಗುಬ್ಬಕ್ಕ ನಿಜ ಹೇಳುತ್ತಿದ್ದಾಳಾ, ನೆಪ ಹೇಳುತ್ತಿದ್ದಾಳಾ? ಇದೊಂದೇ ಪ್ರಶ್ನೆ. ಬೋರ್ಡಿನ ಮೇಲೆ ಬರೆದು ನಾನು ಹಿಂದೆ ಹೋಗಿ ಕೂರುತ್ತೇನೆ.

ಜುಲೈನಲ್ಲಿ ಮಾಡಿದಾಗ ಇದೂ ನಡೆಯಲಿಲ್ಲ. ನಮ್ಮದು ರಾಜ್ಯದಲ್ಲೇ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ಒಂದು. "ಮಳೇಗೆ ಮನೆ ಹೋಗುತ್ತಾ ಮಿಸ್?" ಅಂತ ಕೇಳಿದರು, ಮುಗೀತು. ಆದರೆ ಆ ವರ್ಷದ ಮಳೆ ನಿಮಗೆ ನೆನಪಿರಬೇಕು. ಸೆಪ್ಟೆಂಬರ್‌ನಲ್ಲಿ ವೇದಾವತಿಗೆ ಕಟ್ಟಿದ ಮಾರಿಕಣಿವೆ (ವಾಣಿ ವಿಲಾಸ ಸಾಗರ) ಡ್ಯಾಮು ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ವೇದಾವತಿ ತುಂಬಿ ಹರಿಯಿತು. ನಮ್ಮೂರ ಮಣ್ಣಿನ ಮಾಳಿಗೆಗಳು ಸೋರಿದವು, ಒಂದೆರಡು ಕಡೆ ಗೋಡೆ ಕುಸಿಯಿತು. ಶೇಂಗಾ ಗಿಡ ಹೊಲದಲ್ಲೇ ಕೊಳೆಯಿತು. ಮಳೆ ನಿಂತ ವಾರ ನಾನು ಅದೇ ಕಥೆಯನ್ನು ಮತ್ತೆ ಎತ್ತಿಕೊಂಡೆ.

ಜೂನ್‌ನಿಂದಲೂ ಕ್ಲಾಸಿನಲ್ಲಿ ಒಂದು ಮಾತೂ ಆಡದ ಹುಡುಗಿ ಒಬ್ಬಳಿದ್ದಳು. ಹಾಜರಿಗೂ ಕೈ ಎತ್ತುತ್ತಿದ್ದಳು, ಅಷ್ಟೇ. ಅವಳ ಗುಂಪಿನಲ್ಲಿ ಒಬ್ಬ ಹುಡುಗ, "ಯಾರು ಏನು ಅಂತ ಗೊತ್ತಿಲ್ದೆ ಹೆಂಗೆ ತೆಗೀತಾರೆ, ಗುಬ್ಬಕ್ಕ ಮಾಡಿದ್ದೇ ಸರಿ" ಅಂದ. ಈ ಹುಡುಗಿ ಬಿಳಿ ಬೀಜವನ್ನು ನಡುವೆ ಇಟ್ಟಳು. ಬೆರಳು ಅದರ ಮೇಲಿಂದ ತೆಗೆಯಲಿಲ್ಲ. "ರಾತ್ರಿ ನಮ್ಮ ಮಾಳಿಗೆ ಸೋರಿದಾಗ ನಾವು ಎದುರು ಮನೆ ಬಾಗಿಲು ಬಡಿದ್ವಿ. ಆ ಅಜ್ಜಿ ಮೊದ್ಲು ತೆಗೆದ್ರು, ಆಮೇಲೆ ಯಾರು ಅಂತ ಕೇಳಿದ್ರು." ಗುಂಪು ಸುಮ್ಮನಾಯಿತು. ಸ್ವಲ್ಪ ಹೊತ್ತಾದ ಮೇಲೆ ಆ ಹುಡುಗ ತನ್ನ ಬಿಳಿ ಬೀಜ ಇಟ್ಟು, "ಆದ್ರೆ ಆ ಅಜ್ಜಿಗೆ ನೀರು ಹಾಕೋಕೆ ಮಗು ಇರ್ಲಿಲ್ವಲ್ಲ" ಅಂದ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಕಣ್ಣು ತುಂಬಿ ಬಂತು. 14 ವರ್ಷದ ನೌಕರಿಯಲ್ಲಿ ನನ್ನ ಕ್ಲಾಸಿನಲ್ಲಿ ಮಕ್ಕಳು ಮಕ್ಕಳಿಗೇ ಹೀಗೆ ಉತ್ತರ ಕೊಟ್ಟಿದ್ದನ್ನು ಕೇಳಿದ್ದು ಅವತ್ತೇ ಮೊದಲು.

ಆಮೇಲೆ ದಿನಕ್ಕೊಂದು ಸೇರಿಸುತ್ತಾ ಹೋದೆ. ಬಿಸಿ ಕುರ್ಚಿ ಟೀಚರುಗಳಿಗೆ ಗೊತ್ತು: ಒಬ್ಬರು ಕಥೆಯ ಪಾತ್ರವಾಗಿ ಕುರ್ಚಿಯಲ್ಲಿ ಕೂತು ಉಳಿದವರ ಪ್ರಶ್ನೆಗೆ ಉತ್ತರ ಕೊಡುವ ಆಟ. ನಾನು ಮಾಡಿದ ಬದಲಾವಣೆ ಇಷ್ಟೇ: ಕುರ್ಚಿಯಲ್ಲಿ ಕೂತ ಗುಬ್ಬಕ್ಕನಿಗೆ ಟೀಚರ್ ಪ್ರಶ್ನೆ ಕೇಳುವಂತಿಲ್ಲ. ಹೆಗಲಿಗೊಂದು ಟವೆಲ್ ಹಾಕಿದರೆ ಗುಬ್ಬಕ್ಕ, ತೆಗೆದರೆ ಮತ್ತೆ ಮಗು. "ಮೂರು ಸಲ ಬಡಿದ್ರೂ ಯಾಕೆ ತೆಗೀಲಿಲ್ಲ?" ಅಂತ ಕೇಳಿದ್ದಕ್ಕೆ ಒಬ್ಬ, "ಹೋದ್ ವರ್ಷ ನನ್ ಮಗೀಗೆ ಜ್ವರ ಬಂದಾಗ ನಾನೂ ಅವಳ ಬಾಗ್ಲು ಬಡಿದಿದ್ದೆ" ಅಂದ. ಕಥೆಯಲ್ಲಿ ಇಲ್ಲದ ಹಳೇ ಲೆಕ್ಕವನ್ನೇ ತೆಗೆದುಬಿಟ್ಟ! ಮಾರನೇ ದಿನ ಕಾಗಕ್ಕನನ್ನು ಕುರ್ಚಿಗೆ ಕರೆದು ಅದಕ್ಕೆ ಉತ್ತರ ಕೇಳಿದರು. ಅದಕ್ಕೇ ಒಂದು ಪೂರ್ತಿ ಪಿರಿಯಡ್ ಹೋಯಿತು.

ಓಣಿ ಆಟವನ್ನು ಬೇವಿನ ಮರದ ಕೆಳಗೆ ಆಡಿಸುತ್ತೇನೆ. ಎರಡು ಸಾಲು ಎದುರುಬದುರು ನಿಲ್ಲಬೇಕು. ಗುಬ್ಬಕ್ಕ ನಡುವೆ ನಡೆದು ಬಾಗಿಲ ಕಡೆ ಹೋಗುತ್ತಾಳೆ. ಎಡಗಡೆಯವರು ತೆಗಿ ಅನ್ನಬೇಕು, ಬಲಗಡೆಯವರು ಬೇಡ ಅನ್ನಬೇಕು, ಒಬ್ಬೊಬ್ಬರಾಗಿ, ಕಾರಣ ಸಮೇತ. ತುದಿಗೆ ಬಂದಾಗ ಗುಬ್ಬಕ್ಕನೇ ತೀರ್ಮಾನ ಹೇಳಬೇಕು. ಮೊದಲ ಸಲ ಕ್ಲಾಸಿನ ಒಳಗೇ ಮಾಡಿ, ಸದ್ದು ಜಾಸ್ತಿ ಆಯ್ತು ಅಂತ ಪಕ್ಕದ ಕ್ಲಾಸಿನವರು ಬೇಜಾರು ಮಾಡಿಕೊಂಡರು. ಅವರ ಬೇಜಾರೂ ಸರಿಯೇ. ಹೊರಗೆ ಬಂದ ಮೇಲೆ ಅಡುಗೆಯವರೂ ಸೌಟು ಹಿಡಿದುಕೊಂಡು ಬಂದು ನಿಂತು ಕೇಳುತ್ತಾರೆ.

ಬಾಗಿಲು ತೆಗೆದ ಮೇಲಿನ ಭಾಗ ಸುಲಭ. ಕಾಗಕ್ಕ ಒಳಗೆ ಬಂದು ಕಡಲೆ ಮೂಟೆ ಮೇಲೆ ಮಲಗುತ್ತಾಳೆ. ರಾತ್ರಿ ಕಟುಂ ಕಟುಂ ಸದ್ದು. "ಏನದು?" "ಚಳಿಗೆ ಅಡಿಕೆ ತಿಂತಿದೀನಿ." ತಿನ್ನುವುದು ಗುಬ್ಬಕ್ಕನ ಕಡಲೆಯನ್ನೇ. ಈ ಸದ್ದನ್ನು ನಾನು ನಿಜವಾಗಿಯೂ ಮಾಡುತ್ತೇನೆ, ಬಾಗಿಲ ಹಿಂದೆ ನಿಂತು ಕಡಲೆ ಕಡಿದು. ಇಲ್ಲೊಂದು ವಿಷಯ. ಮೊದಲು ಪುಟಾಣಿ ತಂದಿದ್ದೆ, ಸದ್ದೇ ಬರಲಿಲ್ಲ. ಹಸಿ ಕಡಲೆ ಹಲ್ಲಿಗೆ ಕಷ್ಟ. ಸಿಪ್ಪೆ ಇರುವ ಹುರಿಗಡಲೆ ತರಬೇಕು, ಅದೂ ಹೊಸದಾಗಿ ಹುರಿದಿದ್ದು. ಒಂದು ಬ್ಯಾಚಿಗೆ ಒಂದು ಕೆಜಿ. ಮುಗಿದ ಮೇಲೆ ಮಕ್ಕಳಿಗೇ ಹಂಚುವುದು. ಈಗ ನನ್ನ ಇಡೀ ಖರ್ಚು ಇಷ್ಟೇ.

ಎಂಟನೇ ದಿನ ಕಾಗಕ್ಕನಿಂದ ಕ್ಲಾಸಿಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ಏನಿರುತ್ತದೆ ಅಂತ ಇಲ್ಲಿ ಬರೆಯಲ್ಲ. ಅಕ್ಕಪಕ್ಕದ ಶಾಲೆಗಳಲ್ಲಿ ಗೊತ್ತಾದರೆ ಮುಂದಿನ ವರ್ಷದ ಮಕ್ಕಳಿಗೂ ತಲುಪುತ್ತದೆ. ಅದು ಬಂದ ದಿನ "ಒಪ್ತೀನಿ" ಅಂದವರೆಲ್ಲ "ಒಪ್ಪಲ್ಲ" ಅಂತಾರೆ, ಇಷ್ಟು ಹೇಳಬಲ್ಲೆ.

ತೆಲುಗಿನ ವಿಷಯಕ್ಕೆ ಕೆಲವರು ನನ್ನ ಮೇಲೆ ಸಿಟ್ಟಾದರು. ಇಬ್ಬಿಬ್ಬರು ಮಾತಾಡುವಾಗ ಯಾವ ಭಾಷೆಯಾದರೂ ಸರಿ, ನಾಲ್ವರಾದಾಗ ಕನ್ನಡ ಅಂತ ಮಾಡಿದ್ದೇನೆ. "ಕನ್ನಡ ಪಿರಿಯಡ್‌ನಲ್ಲಿ ಕಾಕಿ, ಪಿಚ್ಚುಕ ಅಂತ ಮಾತಾಡಿಸ್ತೀರಲ್ಲ" ಅಂದರು. ಆದರೆ ತೆಲುಗಿನಲ್ಲಿ ಒಮ್ಮೆ ಹೇಳಿಕೊಂಡ ಮಗು ಎರಡನೇ ಸಲ ಅದನ್ನೇ ಕನ್ನಡದಲ್ಲಿ ಧೈರ್ಯವಾಗಿ ಹೇಳುತ್ತದೆ. ಪದ ಸಿಗದಿದ್ದರೆ ಪಕ್ಕದವರು ಕೊಡುತ್ತಾರೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಇನ್ನೊಂದು ಪ್ರಯೋಗ ಮಾಡಿದೆ. ಮೊಬೈಲನ್ನು ಕಿಟಕಿಯಲ್ಲಿಟ್ಟು ಒಂದು ಪಿರಿಯಡ್ ರೆಕಾರ್ಡ್ ಮಾಡಿ, ರಾತ್ರಿ ಗಡಿಯಾರ ಹಿಡಿದು ಕೇಳಿದೆ. ಶುರುವಿನ ದಿನಗಳಲ್ಲಿ 40 ನಿಮಿಷದಲ್ಲಿ ನನ್ನ ದನಿಯೇ 25 ನಿಮಿಷ ಇತ್ತು! ಮಾತಾಡಿ ಮಾತಾಡಿ ಅಂತ ಹೇಳುವುದರಲ್ಲೇ ಅರ್ಧ ಹೋಗುತ್ತಿತ್ತು. ಈಗ 6 ನಿಮಿಷಕ್ಕೆ ಇಳಿದಿದೆ. ನೀವೂ ಒಮ್ಮೆ ಕೇಳಿ ನೋಡಿ. ಕೇಳಿದ ಮೇಲೆ ರೆಕಾರ್ಡ್ ಅಳಿಸಿಬಿಡಿ.

ಇದೇ ದಾರಿಯಲ್ಲಿ ಒನಕೆ ಓಬವ್ವನ ಕಥೆಯನ್ನೂ ಮಾಡಿದೆ. ದುರ್ಗದ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಕಥೆ ಯಾವುದಿದೆ ಅಂದುಕೊಂಡೆ. ಮಾತು ಒಂದೇ ದಿನಕ್ಕೆ ನಿಂತಿತು. ಓಬವ್ವ ಮಾಡಿದ್ದು ಸರಿ ಅಂತ ಎಲ್ಲರೂ ಒಪ್ಪುತ್ತಾರೆ, ಮತ್ತೆ ಮಾತೆಲ್ಲಿ? "ಊಟಕ್ಕೆ ಕೂತ ಗಂಡನನ್ನ ಎಬ್ಬಿಸಬೇಕಿತ್ತಾ?" ಅನ್ನುವ ಪ್ರಶ್ನೆ ಮಾತ್ರ ಸ್ವಲ್ಪ ಹೊತ್ತು ಓಡಿತು. ಕಥೆಯಲ್ಲಿ ಇಬ್ಬರ ಕಡೆಯೂ ನ್ಯಾಯ ಇರಬೇಕು, ಇಲ್ಲದಿದ್ದರೆ ಬೀಜ ಕೈಯಲ್ಲೇ ಉಳಿಯುತ್ತದೆ. ಐದನೇ ಕ್ಲಾಸಿಗೆ ಕಾಗಕ್ಕ ಗುಬ್ಬಕ್ಕ ನಡೆಯಲ್ಲ, ಚಿಕ್ಕೋರ ಕಥೆ ಅಂತಾರೆ. ನಾಯಕನಹಟ್ಟಿ ಜಾತ್ರೆ ಬರುವ ವಾರ ಶುರು ಮಾಡಬೇಡಿ, ಅರ್ಧ ಕ್ಲಾಸ್ ಇರಲ್ಲ, ಕೊಂಡಿ ತಪ್ಪುತ್ತದೆ. ಮೂರು ಮಕ್ಕಳು ಈ ವರ್ಷವೂ ಗುಂಪಿನಲ್ಲಿ ಮಾತಾಡುತ್ತಿಲ್ಲ. ಅವರ ಬೀಜವನ್ನು ನಾನು ಕೇಳುವುದಿಲ್ಲ. ಜೋಡಿಯಲ್ಲಿ ಪಿಸುಗುಟ್ಟುತ್ತಾರೆ, ಅಷ್ಟು ಬಂದಿದೆ.

ಸಿಲಬಸ್ ಬಗ್ಗೆ ಕೇಳಿದವರಿಗೆ: 11 ದಿನ ಹೋದವು, ನಿಜ. ಆದರೆ ಆಮೇಲಿನ ಪಾಠಗಳು ಬೇಗ ಮುಗಿದವು, ಯಾಕಂದರೆ ಪ್ರಶ್ನೆಗೆ ಉತ್ತರವನ್ನು ನಾನು ಬೋರ್ಡಿನ ಮೇಲೆ ಬರೆದು ಕೊಡಬೇಕಾಗಲಿಲ್ಲ. ಎರಡು ಸಾಲು ಬರೆಯುತ್ತಿದ್ದವರು ಅರ್ಧ ಪುಟ ಬರೆಯುತ್ತಾರೆ. ನೋಟ್‌ಬುಕ್ ನನ್ನ ಹತ್ತಿರ ಇವೆ, ಯಾರು ಬೇಕಾದರೂ ನೋಡಬಹುದು.

ಹೋದ ತಿಂಗಳು ಅದೇ ಮೇಷ್ಟ್ರು, ಐದು ನಿಮಿಷದ ಕಥೆ ಅಂದವರು, ಫೋನ್ ಮಾಡಿದ್ದರು. "ಮೇಡಂ, ನನ್ನ ಕ್ಲಾಸಲ್ಲಿ 31 ಮಕ್ಕಳು. ಬೀಜ ಎಷ್ಟು ಬೇಕಾಗುತ್ತೆ?" 93 ಸಾಕು, ಆದರೆ 120 ಇಟ್ಟುಕೊಳ್ಳಿ, ಜೇಬಿನಲ್ಲಿ ಮನೆಗೆ ಹೋಗುತ್ತವೆ ಅಂದೆ. ಉಜ್ಜಿದ್ದು ನಿಮ್ಮ ಹತ್ತಿರ ಇದ್ದರೆ ಒಂದಷ್ಟು ಕೊಡಿ ಅಂದರು. ಕೊಡಲಿಲ್ಲ. ನಿಮ್ಮ ಮಕ್ಕಳೇ ಉಜ್ಜಲಿ ಸಾರ್, ಶಾಲೆ ಮೆಟ್ಟಿಲು ಇದೆಯಲ್ಲ ಅಂದೆ.