ಕುಕ್ಕರಿನಲ್ಲಿ ಮಿಗ್-21ರ ಚಕ್ರ: ಮನೆಯ ರೆಸಿನ್ ಎರಕ, ನನ್ನ ಅನುಭವ

ಬೆಂಗಳೂರಿನ ಮಳೆಗಾಲದಲ್ಲಿ ಪಿಯು ರೆಸಿನ್ (ಎರಡು ದ್ರವ ಕಲಸಿದರೆ ಗಟ್ಟಿಯಾಗುವ ಪಾಲಿಯುರೆಥೇನ್ ಪ್ಲಾಸ್ಟಿಕ್) ಹೊಯ್ದರೆ ಕೈಗೆ ಬರುವುದು ಚಕ್ರವಲ್ಲ, ಬನ್ನು ಎಂದು ನಗುತ್ತಿದ್ದವರಿದ್ದಾರೆ. ಎರಕವನ್ನು ಗಾಳಿಯ ಒತ್ತಡದಲ್ಲಿಡುವ ಪ್ರೆಶರ್ ಪಾಟ್ ಬೇಕು, ಎಸಿ ಕೋಣೆ ಬೇಕು, ಇಲ್ಲದಿದ್ದರೆ 1/72 ಅಳತೆಯ ವಿಮಾನದ ಮಾಡೆಲ್‌ಗೆ ಗುಳ್ಳೆಯಿಲ್ಲದ ಬಿಡಿಭಾಗ ಆಗುವ ಮಾತಲ್ಲ ಎಂಬುದು ಅವರ ವಾದ. ಈಗ ಗುಜರಿಯ ಫ್ರಿಜ್ ಕಂಪ್ರೆಸರ್, ಐದು ಲೀಟರಿನ ಕುಕ್ಕರ್ ಪಾತ್ರೆ ಇಟ್ಟುಕೊಂಡೇ ಮಿಗ್-21 ಯುದ್ಧವಿಮಾನದ ಎಫ್‌ಎಲ್ ಮಾದರಿಗೆ ಚಕ್ರ, ಸೀಟು, ಹೊಟ್ಟೆಯಡಿ ತೂಗುವ ಜಿಪಿ-9 ಗನ್ ಪಾಡ್ ಮೂರನ್ನೂ ಹೊಯ್ಯುತ್ತಿದ್ದೇನೆ. ಹತ್ತರಲ್ಲಿ ಎಂಟಾದರೂ ಪಾಸಾಗುತ್ತವೆ. ಜುಲೈನಲ್ಲಿ ಹೊಯ್ದ ಚಕ್ರವನ್ನೂ ಏಪ್ರಿಲ್‌ನಲ್ಲಿ ಹೊಯ್ದದ್ದನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲಾಗುವುದಿಲ್ಲ.

ಎಫ್‌ಎಲ್ ಯಾಕೆ ಅಂದರೆ, ಹೊರಗೆ ಸಿಗುವ ಸೆಟ್‌ಗಳಲ್ಲಿ ಬಹುಪಾಲು ಆಮೇಲಿನ ಮಾದರಿಗಳಾದ ಎಂಎಫ್, ಬಿಸ್‌ಗೆ ಮಾಡಿದವು. ಅವುಗಳ ಕೆಎಂ-1 ಎಜೆಕ್ಷನ್ ಸೀಟು ಬೇಕಾದಷ್ಟಿದೆ. ಎಫ್‌ಎಲ್‌ನಲ್ಲಿದ್ದದ್ದು ಅದಕ್ಕೂ ಹಿಂದಿನ ಎಸ್‌ಕೆ ವ್ಯವಸ್ಥೆ. ಅದರಲ್ಲಿ ಕ್ಯಾನೊಪಿ ಮುಂದಕ್ಕೆ ತೆರೆದುಕೊಳ್ಳುತ್ತದೆ, ಪೈಲಟ್ ಹೊರಚಿಮ್ಮುವಾಗ ಅದೇ ಕ್ಯಾನೊಪಿ ಗಾಳಿಯ ಹೊಡೆತಕ್ಕೆ ಅಡ್ಡ ನಿಲ್ಲುತ್ತದೆ. ಸೀಟಿನ ಆಕಾರವೇ ಬೇರೆ. ಎಚ್‌ಎಎಲ್‌ನ ನಾಸಿಕ್ ಕಾರ್ಖಾನೆಯಲ್ಲಿ ತಯಾರಾಗಿ 2013ರ ಡಿಸೆಂಬರ್‌ವರೆಗೆ ಹಾರಿದ ಟೈಪ್ 77ರೊಳಗೆ (ಎಫ್‌ಎಲ್‌ಗೆ ನಮ್ಮಲ್ಲಿದ್ದ ಹೆಸರು) ಕೆಎಂ-1 ಕೂರಿಸಿ, ಕ್ಯಾನೊಪಿಯನ್ನು ಪಕ್ಕಕ್ಕೆ ತೆರೆದಿಟ್ಟ ಮಾಡೆಲ್‌ಗಳು ನನ್ನ ಕಣ್ಣಿಗೆ ಚುಚ್ಚುತ್ತವೆ. ಅದಲ್ಲದೆ ಹೊರಗಿನಿಂದ ಒಂದು ಸೆಟ್ ಚಕ್ರ ತರಿಸಿದರೆ ಕೊರಿಯರ್, ಕಸ್ಟಮ್ಸ್ ಸೇರಿ ಸಾವಿರ ದಾಟುತ್ತದೆ.

ಅಳತೆ ಮೊದಲು. ಎಫ್‌ಎಲ್‌ನ ಹಿಂದಿನ ಚಕ್ರ 800×200 ಮಿ.ಮೀ., ಮುಂದಿನದು 500×180. 1/72ಕ್ಕೆ ಇಳಿಸಿದರೆ 11.1×2.8 ಮತ್ತು 6.9×2.5. ಅದಕ್ಕೂ ಹಳೆಯ ಮಿಗ್-21 ಎಫ್-13ರ ಹಿಂದಿನ ಚಕ್ರ 660 ಮಿ.ಮೀ., ಅಂದರೆ 9.2, ಆ ಸೆಟ್ ಇಲ್ಲಿ ನಡೆಯುವುದಿಲ್ಲ. ಟೈರಿನ ಆಕಾರಕ್ಕೆ ಮ್ಯೂಸಿಯಂ ವಿಮಾನದ ಫೋಟೊ ನಂಬಬೇಡಿ. ವರ್ಷಗಟ್ಟಲೆ ನಿಂತ ಟೈರು ಕುಸಿದಿರುತ್ತದೆ, ಹಬ್ ಮೇಲೆ ಪದರ ಪದರ ಬಣ್ಣ ಬಳಿದಿರುತ್ತಾರೆ. ಹಾರುತ್ತಿದ್ದ ಕಾಲದ ಫೋಟೊ ನೋಡಿ ಕೆಳಗಿನ ಚಪ್ಪಟೆ ಭಾಗವನ್ನು 0.2 ಮಿ.ಮೀ. ಮಾತ್ರ ಉಜ್ಜಿದರೆ ಸಾಕು.

ಮಾಸ್ಟರನ್ನು, ಅಂದರೆ ಅಚ್ಚು ತೆಗೆಯುವ ಮೂಲ ತುಂಡನ್ನು, ಎಲ್‌ಸಿಡಿ 3ಡಿ ಪ್ರಿಂಟರಿನಲ್ಲಿ ತೆಗೆಸಿ, ಪ್ರೈಮರ್ ಹೊಡೆದು 1500 ನಂಬರಿನ ಕಾಗದದಲ್ಲಿ ಉಜ್ಜುತ್ತೇನೆ. ಹಬ್ಬಿನ ಬೋಲ್ಟುಗಳು ಮಾತ್ರ 0.13ರ ಪ್ಲಾಸ್ಟಿಕ್ ಹಾಳೆಯಲ್ಲಿ ಪಂಚ್ ಮಾಡಿದವು, ಪ್ರಿಂಟರಿನ ಬೋಲ್ಟು ಪ್ರೈಮರಿನಡಿ ಕರಗಿಹೋಗುತ್ತದೆ. ಬೇರೆ ಕಂಪನಿಯ ರೆಸಿನ್ ಚಕ್ರವನ್ನೇ ಮಾಸ್ಟರ್ ಮಾಡಿ ಅಚ್ಚು ತೆಗೆಯುವುದು ಕಳ್ಳತನ, ಅದರ ಬಗ್ಗೆ ನನ್ನನ್ನು ಕೇಳಬೇಡಿ.

ಅಚ್ಚಿನ ಸಿಲಿಕೋನ್ ಟಿನ್-ಕ್ಯೂರ್ (ತವರದ ವೇಗವರ್ಧಕದಿಂದ ಗಟ್ಟಿಯಾಗುವ) ಜಾತಿಯದೇ ಇರಲಿ. ಪ್ಲಾಟಿನಂ-ಕ್ಯೂರ್ ಒಳ್ಳೆಯದು, ಕುಗ್ಗುವುದಿಲ್ಲ, ಬಾಳಿಕೆಯೂ ಹೆಚ್ಚು. ಆದರೆ ಪ್ರಿಂಟರಿನ ಯುವಿ ರೆಸಿನ್ ಮಾಸ್ಟರ್ ತಾಗಿದ ಕಡೆ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಗಂಧಕ ಇರುವ ಕ್ಲೇ, ಲೇಟೆಕ್ಸ್ ಗ್ಲೌಸ್ ತಾಗಿದರೂ ಅದೇ ಕಥೆ. ಕಿಲೋಗೆ ದುಪ್ಪಟ್ಟು ಬೆಲೆ ಕೊಟ್ಟು ಅದನ್ನು ತಿಪ್ಪೆಗೆ ಹಾಕಬೇಕಾಗುತ್ತದೆ. ಟಿನ್-ಕ್ಯೂರ್ ಸ್ವಲ್ಪ ಕುಗ್ಗುತ್ತದೆ ನಿಜ, 11 ಮಿ.ಮೀ. ಚಕ್ರದಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. 100 ಗ್ರಾಂಗೆ 3 ಗ್ರಾಂ ಹಾರ್ಡನರ್, ಸೆಕೆ ಜಾಸ್ತಿ ಇದ್ದರೆ ಎರಡೂವರೆ. ಬೇಗ ಗಟ್ಟಿಯಾಗಲೆಂದು 5 ಹಾಕಿದರೆ ಅಚ್ಚು ಹತ್ತು ಎರಕಕ್ಕೇ ಸಿಡುಕಾಗಿ ಹರಿಯುತ್ತದೆ.

ಈಗ ಕುಕ್ಕರ್. ಇದನ್ನು ಒತ್ತಡದ ಪಾತ್ರೆಯಾಗಿ ಬಳಸಬಾರದು. ಕುಕ್ಕರಿನ ಮಿತಿಯೊಳಗೆ ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡ ಕೊಟ್ಟರೆ ಗುಳ್ಳೆಯ ಗಾತ್ರ ಅರ್ಧವಾಗುತ್ತದೆ, ವ್ಯಾಸ ಮಾತ್ರ ಐದನೇ ಒಂದು ಭಾಗದಷ್ಟೇ ಇಳಿಯುತ್ತದೆ. ಕಣ್ಣಿಗೆ ಅದು ಅದೇ ಗುಳ್ಳೆ. ಅದಕ್ಕಿಂತ ಹೆಚ್ಚು ತುಂಬಿದರೆ ಪ್ರಾಣಕ್ಕೆ ಕುತ್ತು. ನಾನು ಬಳಸುವುದು ಗಾಳಿ ಎಳೆಯಲು. ಕುಕ್ಕರಿನ ಮುಚ್ಚಳ ಬೇಡ, ಬಾಯಿ ಸಮತಟ್ಟಾಗಿ ಉಜ್ಜಿ, ಮೇಲೆ ರಬ್ಬರ್ ಶೀಟಿನ ಬಳೆ, ಅದರ ಮೇಲೆ 20 ಮಿ.ಮೀ. ಅಕ್ರಿಲಿಕ್ ತಟ್ಟೆ. 20 ಸೆಂ.ಮೀ. ಬಾಯಿಯ ಮೇಲೆ ಹೊರಗಿನ ಗಾಳಿ ಒತ್ತುವ ಭಾರ ಸುಮಾರು 290 ಕಿಲೋ. ಕಿಟಕಿ ಗಾಜು ಇಟ್ಟು ನೋಡೋಣ ಎನ್ನುವವರು ಈ ಲೆಕ್ಕ ನೆನಪಿಡಲಿ. ಅಕ್ರಿಲಿಕ್ಕಿಗೆ ಥಿನ್ನರ್ ತಾಗಿಸಬೇಡಿ, ಕೂದಲೆಳೆಯ ಬಿರುಕು ಬಿಟ್ಟರೆ ಆ ತಟ್ಟೆ ಮುಗಿಯಿತು.

ಕಂಪ್ರೆಸರಿಗೆ ಆಗ ಕೊಟ್ಟದ್ದು 800 ರೂಪಾಯಿ ಆಸುಪಾಸು. ಒಳಗಿನ ಗ್ಯಾಸನ್ನು ಫ್ರಿಜ್ ಮೆಕ್ಯಾನಿಕ್ಕೇ ತೆಗೆದಿರಬೇಕು. ಆರ್600ಎ ಎಂದು ಬರೆದದ್ದು ಬೇಡ, ಅದು ಹೊತ್ತಿಕೊಳ್ಳುವ ಗ್ಯಾಸ್. ಎಳೆಯುವ ಕೊಳವೆ ಕುಕ್ಕರಿಗೆ, ಊದುವ ಕೊಳವೆ ಹತ್ತಿ ತುಂಬಿದ ಬಾಟಲಿಗೆ. ಇಲ್ಲದಿದ್ದರೆ ಎಣ್ಣೆಯ ಮಂಜು ಬೆಂಚಿನ ತುಂಬ ಕೂರುತ್ತದೆ. ಒಳಗೆ ವ್ಯಾಕ್ಯೂಮ್ ಇರುವಾಗಲೇ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಬರೀ ಗುಂಯ್ ಎಂದು ಓವರ್‌ಲೋಡ್ ಬೀಳುತ್ತದೆ. ಮೊದಲು ಗಾಳಿ ಬಿಡಿ, ಆಮೇಲೆ ಸ್ವಿಚ್ಚು.

ವ್ಯಾಕ್ಯೂಮ್ ಮೀಟರಿನ ಬಗ್ಗೆ ಒಂದು ಮಾತು, ಇದರಲ್ಲಿ ಬಹಳ ಜನ ಸುಮ್ಮನೆ ದುಡ್ಡು ಸುರಿಯುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿನ ಗಾಳಿಯ ಒತ್ತಡವೇ ಪಾದರಸದ 27 ಇಂಚಿನ ಹತ್ತಿರ. ಹಾಗಾಗಿ ಮೀಟರು ಎಂಥ ಪಂಪಿಗೂ 27 ದಾಟುವುದಿಲ್ಲ. ಮಂಗಳೂರಿನಲ್ಲಿ 29 ತೋರಿಸುವ ಪಂಪು ಇಲ್ಲಿ 26 ತೋರಿಸಿದರೆ ಅದು ಲೀಕ್ ಅಲ್ಲ. ಯೂಟ್ಯೂಬಿನವರಿಗೆ 29 ಬಂತು, ನಮಗೆ ಬರಲಿಲ್ಲ ಎಂದು ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಿಸಿ, ಕೊನೆಗೆ ಎರಡು ಹಂತದ ಪಂಪನ್ನೇ ಕೊಂಡವರಿದ್ದಾರೆ. 25 ಬಂದರೆ ಕೆಲಸ ನಡೆಯುತ್ತದೆ.

ಸಿಲಿಕೋನ್ ಒಳಗಿಟ್ಟರೆ ಮೂರು ನಾಲ್ಕು ಪಟ್ಟು ಉಬ್ಬಿ ಆಮೇಲೆ ಕುಸಿಯುತ್ತದೆ, ಕುಸಿದ ಮೇಲೆ ಎರಡು ನಿಮಿಷ ಬಿಡಿ. ಡಬ್ಬಿ ಐದು ಪಟ್ಟು ದೊಡ್ಡದಿರಲಿ. ಮಾಸ್ಟರ್ ಮೇಲೆ ಮೊದಲು ಬ್ರಷ್ಷಿನಲ್ಲಿ ತೆಳ್ಳಗೆ ಬಳಿದು, ಉಳಿದದ್ದನ್ನು ಮೂಲೆಯಿಂದ ದಾರದಷ್ಟು ಸಣ್ಣಗೆ ಸುರಿಯುವುದು ನಿಮಗೆ ಗೊತ್ತಿದ್ದದ್ದೇ.

ಇನ್ನು ರೆಸಿನ್. ಜನ ಸೋಲುವುದು ಇಲ್ಲೇ, ಯಾಕೆಂದರೆ ಎಲ್ಲ ಗುಳ್ಳೆಗೂ ಗಾಳಿಯೇ ಕಾರಣ ಎಂದುಕೊಂಡಿರುತ್ತಾರೆ. ಅರ್ಧಕ್ಕರ್ಧ ಗುಳ್ಳೆಗೆ ಕಾರಣ ನೀರು. ರೆಸಿನ್ನಿನ ಎರಡು ಭಾಗ ಪಾಲಿಯಾಲ್, ಐಸೊಸಯನೇಟ್; ಈ ಐಸೊಸಯನೇಟ್ ತೇವಾಂಶದ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದನ್ನು ಯಾವ ಪಂಪೂ ತೆಗೆಯಲಾರದು, ಎಳೆದಷ್ಟೂ ಇನ್ನಷ್ಟು ನೊರೆಯೇಳುತ್ತದೆ. ಗುಳ್ಳೆ ನೋಡಿಯೇ ಕಾರಣ ಹೇಳಬಹುದು. ಪ್ರತಿ ಎರಕದಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬಂದರೆ ಅದು ಸಿಕ್ಕಿಬಿದ್ದ ಗಾಳಿ. ಅಲ್ಲಿಂದ ಬ್ಲೇಡಿನಲ್ಲಿ ಒಂದು ದಾರಿ ಕೊಯ್ದು ಕೊಡಿ. ದುಂಡಗಿನ ಗುಳ್ಳೆಗಳು ಚರ್ಮದಡಿಯೆಲ್ಲ ಹರಡಿ, ಮೇಲ್ಭಾಗದಲ್ಲಿ ದೊಡ್ಡವಾಗಿದ್ದರೆ ರೆಸಿನ್ನಿನಲ್ಲೇ ನೀರಿದೆ. ಒಳಗೆ ಗಟ್ಟಿಯಾಗಿದ್ದು ಮೇಲ್ಮೈಯಲ್ಲಿ ಮಾತ್ರ ಸೂಜಿಮೊನೆಯ ತೂತುಗಳಿದ್ದರೆ ಅಚ್ಚು ತೇವವಾಗಿದೆ. ಖಚಿತ ಮಾಡಿಕೊಳ್ಳಲು 5+5 ಗ್ರಾಂ ಕಲಸಿ ಪ್ಲಾಸ್ಟಿಕ್ ಕಪ್ಪಿನಲ್ಲೇ ಬಿಡಿ. ಬಿಲ್ಲೆ ಉಬ್ಬಿದರೆ ದೋಷ ಡಬ್ಬಿಯದು. ಬಿಲ್ಲೆ ಸಾಪಾಗಿ ಬಂದು ಚಕ್ರ ಕೆಟ್ಟರೆ ದೋಷ ಅಚ್ಚಿನದು. ಹತ್ತು ಗ್ರಾಂ ರೆಸಿನ್ ಅಂದರೆ ಹದಿನೈದು ರೂಪಾಯಿಯೊಳಗೆ, ಇಡೀ ಸಂಜೆ ಉಳಿಯುತ್ತದೆ.

ನೀರು ಎಲ್ಲೆಲ್ಲಿಂದ ಬರುತ್ತದೆ ಎಂಬುದೇ ಸೋಜಿಗ. ಐಸ್‌ಕ್ರೀಮ್ ಕಡ್ಡಿಯಲ್ಲಿ ಕಲಸಿದರೆ ಮರದಿಂದ. ಪೇಪರ್ ಕಪ್ಪಾದರೆ ಕಾಗದದಿಂದ. ಅಚ್ಚಿಗೆ ಉದುರಿಸುವ ಪೌಡರಿನಿಂದ. ನೀರಿನ ಮೂಲದ ಬಣ್ಣ ಒಂದು ಹನಿ ಹಾಕಿದರಂತೂ ಕೇಳಲೇಬೇಡಿ. ಕಲಸಲು ಸ್ಟೀಲಿನ ಕಡ್ಡಿ, ಪ್ಲಾಸ್ಟಿಕ್ ಕಪ್ಪು. ಪಾಲಿಯಾಲ್ ಭಾಗವೇ ಗಾಳಿಯ ತೇವ ಹೀರುವುದು ಹೆಚ್ಚು. ಬೇಕಾದಷ್ಟನ್ನು ಬೇರೆ ಡಬ್ಬಿಗೆ ಬಗ್ಗಿಸಿ 50 ಡಿಗ್ರಿಗೆ ಬೆಚ್ಚಗೆ ಮಾಡಿ ಕುಕ್ಕರಿನಲ್ಲಿಟ್ಟು ಅರ್ಧ ಗಂಟೆ ಎಳೆಯುತ್ತೇನೆ, ಪೂರ್ತಿ ತಣಿದ ಮೇಲೆ ಬಳಕೆ. ಐಸೊಸಯನೇಟನ್ನು ಮಾತ್ರ ಎಂದೂ ಬಿಸಿ ಮಾಡಬಾರದು, ಅದರ ಆವಿ ಶ್ವಾಸಕೋಶಕ್ಕೆ ವಿಷ. ಕಿಟಕಿ ತೆರೆದು, ಆರ್ಗ್ಯಾನಿಕ್ ಆವಿಯ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಹಾಕಿಯೇ ಡಬ್ಬಿ ಬಿಚ್ಚಿ.

ಅಚ್ಚು ಒಣಗಿಸುವುದು ಅದಕ್ಕಿಂತ ಮುಖ್ಯ. ಅಡುಗೆಗೆ ಬಳಸದ ಹಳೆ ಓವನ್ನಿನಲ್ಲಿ 60 ಡಿಗ್ರಿ, ಎರಡು ಗಂಟೆ. ಟಾಲ್ಕ್ ಪೌಡರೂ ಅದರ ಜೊತೆಗೇ. ಮಗುವಿನ ಪೌಡರಲ್ಲಿ ಕಾರ್ನ್ ಸ್ಟಾರ್ಚ್ ಇರುವುದುಂಟು, ಬರಿಯ ಟಾಲ್ಕೇ ಬೇಕು. ಅಚ್ಚು ಉಗುರುಬೆಚ್ಚಗಿರುವಾಗಲೇ ಪೌಡರ್ ಉದುರಿಸಿ, ತಟ್ಟಿ ಝಾಡಿಸಿ ಹೊಯ್ಯುತ್ತೇನೆ. ಪೌಡರು ರೆಸಿನ್ನನ್ನು ಬೋಲ್ಟಿನ ಸಂದಿಗೂ ಎಳೆದುಕೊಳ್ಳುತ್ತದೆ, ಬೆಚ್ಚಗಿನ ಅಚ್ಚಿನಲ್ಲಿ ತೆಳ್ಳಗಿನ ಭಾಗವೂ ಪೂರ್ತಿ ಗಟ್ಟಿಯಾಗುತ್ತದೆ. ತಣ್ಣನೆಯ ಅಚ್ಚಿನಲ್ಲಿ ಸಣ್ಣ ಚಕ್ರ ಒಂದು ದಿನವಾದರೂ ಮೆತ್ತಗೇ ಇರುವುದು ಇದಕ್ಕೇ: ಅರ್ಧ ಗ್ರಾಂ ರೆಸಿನ್ ತನ್ನಷ್ಟಕ್ಕೆ ಬಿಸಿಯಾಗುವುದಿಲ್ಲ.

ಒಂದು ಸೆಟ್ ಚಕ್ರಕ್ಕೆ ಬೇಕಾದ ರೆಸಿನ್ ಒಂದು ಗ್ರಾಂಗೂ ಕಡಿಮೆ, ಸುರಿಯುವ ಬುಡ ಸೇರಿ ಮೂರು ಗ್ರಾಂ. ಆದರೂ ಹತ್ತು ಗ್ರಾಂಗಿಂತ ಕಡಿಮೆ ಕಲಸಬೇಡಿ, ಎರಡು ಗ್ರಾಂನಲ್ಲಿ (1+1) ಒಂದು ಭಾಗ 0.1 ತಪ್ಪಿದರೆ ಅನುಪಾತ ಶೇ. 10 ಕೆಟ್ಟಂತೆ. ಆಭರಣದಂಗಡಿಯ 0.01 ಗ್ರಾಂ ತಕ್ಕಡಿ ಐನೂರಕ್ಕೆ ಸಿಗುತ್ತದೆ. ಮೂರು ನಾಲ್ಕು ಅಚ್ಚು ಸಾಲಾಗಿಟ್ಟು ಒಟ್ಟಿಗೇ ಹೊಯ್ಯಿರಿ.

ಕಲಸಿದ ರೆಸಿನ್ ಗಟ್ಟಿಯಾಗತೊಡಗಲು ಡಬ್ಬಿಯ ಮೇಲೆ ಮೂರು ನಿಮಿಷ ಎಂದಿದ್ದರೆ ನಮ್ಮ ಬೇಸಿಗೆಯಲ್ಲಿ ಎರಡೇ ಎಂದುಕೊಳ್ಳಿ. ಇಪ್ಪತ್ತು ಸೆಕೆಂಡ್ ಕಲಸು, ಇಪ್ಪತ್ತು ಸೆಕೆಂಡ್ ಸುರಿ, ನಲವತ್ತು ಸೆಕೆಂಡ್ ಎಳೆ, ಗಾಳಿ ಬಿಡು. ಗಾಳಿ ಒಳಗೆ ನುಗ್ಗುವ ಆ ಕ್ಷಣದಲ್ಲೇ ರೆಸಿನ್ ಮೂಲೆಗಳಿಗೆ ಒತ್ತಿಕೊಳ್ಳುವುದು. ಹಾಗಾಗಿ ಅಚ್ಚಿನ ಮೇಲೆ ರೆಸಿನ್ ಒಂದು ಬೆರಳು ಹೆಚ್ಚೇ ನಿಂತಿರಬೇಕು. ಫ್ರಿಜ್ ಕಂಪ್ರೆಸರು ಐದು ಲೀಟರ್ ಖಾಲಿ ಮಾಡಲು ಒಂದು ನಿಮಿಷ ತಿನ್ನುತ್ತದೆ, ಅಷ್ಟರಲ್ಲಿ ರೆಸಿನ್ ಗಟ್ಟಿಯಾಗತೊಡಗಿರುತ್ತದೆ. ಎಲ್ಲರೂ ಕೈಚೆಲ್ಲುವುದು ಇಲ್ಲೇ. ಉಪಾಯ ಇಷ್ಟೆ: ಕುಕ್ಕರಿನ ಖಾಲಿ ಜಾಗವನ್ನೆಲ್ಲ ಒಣಗಿಸಿದ ಗ್ರಾನೈಟ್ ಚೂರುಗಳಿಂದ ತುಂಬಿಸಿ. ಒಂದೂವರೆ ಲೀಟರ್ ಗಾಳಿ ಉಳಿದರೆ ಇಪ್ಪತ್ತು ಸೆಕೆಂಡಿನಲ್ಲಿ ಮುಳ್ಳು 25ಕ್ಕೆ ಬರುತ್ತದೆ. ಕಲ್ಲು ಬಿಟ್ಟಿ.

ಜಿಪಿ-9 ಪಾಡಿಗೆ ಎರಡು ಭಾಗದ ಅಚ್ಚು. ಸಿಲಿಕೋನಿಗೆ ಸಿಲಿಕೋನ್ ಅಂಟುವುದರಿಂದ ಮಧ್ಯೆ ವ್ಯಾಸಲೀನ್ ಬಳಿಯುವುದು ರೂಢಿ. ಬ್ರಷ್ಷಿನ ಗೀರು ಪಾಡಿನ ಮೇಲೆ ಹಾಗೇ ಮೂಡುತ್ತದೆ. ನಾನು ಬಳಿಯುವುದು ಬೇರೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ವ್ಯಾಸಲೀನನ್ನೇ ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಬಳಿದು ಒಣಗಲು ಬಿಟ್ಟರೂ ಮುಕ್ಕಾಲು ಪಾಲು ಗೀರು ಹೋಗುತ್ತದೆ. ಸೀಟಿನ ಅಚ್ಚು ಹತ್ತು ಹನ್ನೆರಡು ಎರಕಕ್ಕೇ ಹರಿಯುತ್ತದೆ, ಚಕ್ರದ್ದು ಇಪ್ಪತ್ತೈದು ದಾಟುತ್ತದೆ.

ನಡುವೆ ಸೀಟಿನ ಬೆಲ್ಟಿಗೆ ತಂಪು ಪಾನೀಯದ ಕ್ಯಾನಿನ ಅಲ್ಯೂಮಿನಿಯಂ ಹಾಳೆಯನ್ನು ಎಸ್.ಪಿ. ರೋಡಿನಲ್ಲಿ ಸಿಗುವ, ಲೋಹ ತಿನ್ನುವ ಫೆರಿಕ್ ಕ್ಲೋರೈಡಿನಲ್ಲಿ ಕೊರೆದು ನೋಡಿದೆ. ಬುಸುಗುಟ್ಟಿ ಬಿಸಿಯಾಗಿ ಬಕಲ್ಲುಗಳನ್ನೆಲ್ಲ ನುಂಗಿಬಿಡುತ್ತದೆ. ಅದಕ್ಕೆ 0.1ರ ಹಿತ್ತಾಳೆ ಹಾಳೆಯೇ ಸರಿ, ಅದರಲ್ಲೂ 0.2ಕ್ಕಿಂತ ಸಣ್ಣ ಗೆರೆ ನಿಲ್ಲುವುದಿಲ್ಲ. ಎಪಾಕ್ಸಿಯಲ್ಲೂ ಚಕ್ರ ಹೊಯ್ದಿದ್ದುಂಟು. ತೇವದ ಗೋಜಿಲ್ಲ, ಆದರೆ ಒಂದು ದಿನ ಕಾಯಬೇಕು, ಕೊಯ್ಯುವಾಗ ಅಂಚು ಚಕ್ಕೆ ಏಳುತ್ತದೆ.

ವಿಮಾನದ ವೇಗ ಅಳೆಯುವ ಪಿಟೊ ಕೊಳವೆಗೆ ಪೋಲೆಂಡಿನ ಮಾಸ್ಟರ್ ಕಂಪನಿಯ ಹಿತ್ತಾಳೆಯದು ಚೆನ್ನಾಗಿದೆ, ಸಂಶಯವಿಲ್ಲ. ಇಂಜೆಕ್ಷನ್ ಸೂಜಿಯಲ್ಲಿ ಹತ್ತು ರೂಪಾಯಿಗೆ ಆಗುತ್ತದೆ. 18 ನಂಬರಿನ ಸೂಜಿಯೊಳಗೆ 21, ಅದರೊಳಗೆ 26 ಸರಿಯಾಗಿ ಕೂರುತ್ತವೆ; ಹೊರ ವ್ಯಾಸ 1.27, 0.82, 0.46. 1/48ಕ್ಕೆ ಮೂರೂ ಬೇಕು, 1/72ಕ್ಕೆ ಒಳಗಿನ ಎರಡು ಸಾಕು. ಎಫ್‌ಎಲ್‌ನಲ್ಲಿ ಅದು ಮೂಗಿನ ಮೇಲೆ ನಟ್ಟನಡುವೆ, ಎಂಎಫ್‌ನ ಹಾಗೆ ಬಲಕ್ಕೆ ಸರಿದಿಲ್ಲ. ಇನ್ನು ಪಾಡಿನ ಜಿಎಸ್‌ಎಚ್-23 ಫಿರಂಗಿಯ ಎರಡು ನಳಿಗೆ. 23 ಮಿ.ಮೀ. ತೂತು 1/72ರಲ್ಲಿ 0.32 ಆಗುತ್ತದೆ. 23 ನಂಬರಿನ ಸೂಜಿಯ ಒಳತೂತು 0.34. ಕಟರಿನಲ್ಲಿ ಕತ್ತರಿಸಿದರೆ ಬಾಯಿ ಮುಚ್ಚಿಹೋಗುತ್ತದೆ, ತಿರುಗುವ ಕಟಿಂಗ್ ಡಿಸ್ಕಿನಲ್ಲಿ ಕೊಯ್ದು, ಒಳಗೆ ತಂತಿ ತೂರಿಸಿಟ್ಟುಕೊಂಡೇ ಅಂಚು ಉಜ್ಜಿ. ಕನ್ನಡಕ ಹಾಕಿಕೊಳ್ಳಿ, ತುಂಡು ಎಲ್ಲಿಗೆ ಹಾರುತ್ತದೋ ಗೊತ್ತಾಗುವುದಿಲ್ಲ. ಪಾಡಿನಲ್ಲಿ 0.65ರ ಡ್ರಿಲ್ಲಿನಿಂದ ಎರಡು ಮಿ.ಮೀ. ಆಳ ಕೊರೆದು ಸೂಪರ್ ಗ್ಲೂ ಹಾಕಿ ಕೂರಿಸಿ. ಕೊರೆಯುವುದು ಎರಕ ಹೊಯ್ದ ಮರುದಿನವೇ ಆಗಲಿ. ಹಳೆಯದಾದಷ್ಟೂ ರೆಸಿನ್ ಸಿಡುಕಾಗಿ ಮೂತಿ ಸೀಳುತ್ತದೆ.